ಸಾವಿರದ ಒಂಬತ್ತು ಹಣತೆಗಳು

"ಗುರುಗಳೇ, 'ನಿನ್ನೊಳಗೇ ಶಾಂತಿ ಇದೆ' ಎಂದಿರಿ. ಹುಡುಕಿದೆ, ಸಿಗಲಿಲ್ಲ. ಇಲ್ಲವೆಂದು ತಿಳಿದು ಮಠ ಬಿಟ್ಟು ಹೊರಡಲೇ?" ಎಂದು ಶಿಷ್ಯ ಹೊನ್ನಯ್ಯ ಕೇಳಿದ.

"ಹೊರಡು, ಯಾರು ಬೇಡವೆಂದರು? ಒಂದು ಕತೆ ಕೇಳಿಕೊಂಡು ಹೊರಡು" ಎಂದು ಗುರು ಹೇಳತೊಡಗಿದರು.

ಒಬ್ಬ ಕುಂಬಾರನಿದ್ದ. ಅವನಿಗೆ ಒಬ್ಬಳೇ ಮಗಳು. ತಿಗರಿಯ ಮೇಲೆ ಮಣ್ಣು ತಿರುಗುವುದನ್ನು ಕಂಡರೆ ಅವಳಿಗೆ ಹಸಿವು ನೀರಡಿಕೆ ಇಲ್ಲ. ಆದರೆ ಹೆಣ್ಣುಮಕ್ಕಳು ತಿಗರಿ ಮುಟ್ಟುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅವಳು ಬಿಟ್ಟಾಳೆಯೇ? ಕಾಡಿ ಬೇಡಿ ಅಪ್ಪನ ತಲೆ ತಿಂದಳು.

ಆ ಮನೆಯದು ಇನ್ನೊಂದು ಪದ್ಧತಿ. ಒಣಗಿದ ಹಣತೆಗಳನ್ನು ಸುಡುವ ಮೊದಲು ಅಂಗಳದಲ್ಲಿ ಸಮಸಾಲುಗಳಾಗಿ, ಸಾಲುಸಾಲಿಗೂ ಒಂದೇ ಎಣಿಕೆ ಬರುವಂತೆ ಇಡಬೇಕು. ಒಂದು ಸಾಲು ಕುಂಟಿದರೂ ಆವಿಗೆಗೆ ಬೆಂಕಿಯಿಲ್ಲ. ಒಣಗಿದ್ದನ್ನು ಒಡೆಯುವಂತಿಲ್ಲ, ಹಸಿಯದನ್ನು ಸೇರಿಸುವಂತಿಲ್ಲ. ಎಲ್ಲವನ್ನೂ ಒಂದೇ ಸಾಲಿಗೆ ಇಟ್ಟರೆ ಅದು ಲೆಕ್ಕಕ್ಕಿಲ್ಲ. ಪ್ರತಿಸಲ ಸರಿಯಾಗಿ ಸಾವಿರ ಮಾಡುತ್ತಿದ್ದ ಕುಂಬಾರ ಆ ಸಲ ಮೈಮರೆತು ಸಾವಿರದ ಒಂಬತ್ತು ಮಾಡಿಬಿಟ್ಟಿದ್ದ.

"ಇವನ್ನು ಜೋಡಿಸು, ತಿಗರಿ ನಿನ್ನದು. ಆಗದಿದ್ದರೆ ನನ್ನ ಅಣ್ಣನ ಮಗನದು. ಆಮೇಲೆ ಉಸಿರೆತ್ತಬಾರದು" ಎಂದ.

ಮಗಳು ಸೆರಗು ಬಿಗಿದಳು. ಎರಡು ಸಾಲು ಇಟ್ಟಳು, ಒಂದು ಉಳಿಯಿತು. ಮೂರು ಸಾಲು, ಮತ್ತೆ ಒಂದು. ಐದಕ್ಕೆ ನಾಲ್ಕು ಉಳಿದವು. ಏಳಕ್ಕೆ ಮತ್ತೆ ಒಂದೇ ಒಂದು! "ಹಾಳಾದ್ದೇ" ಎಂದು ಹಣತೆಯನ್ನೇ ಬೈದಳು. ಎರಡಕ್ಕೆ ಒಗ್ಗದ್ದು ನಾಲ್ಕಕ್ಕೆ ಒಗ್ಗೀತೇ? ಅಂಥವನ್ನು ಬಿಟ್ಟಳು. ಹನ್ನೊಂದು, ಹದಿಮೂರು, ಹದಿನೇಳು ಎಂದು ಸಾಗಿದಳು. ಬೆನ್ನು ಬಿದ್ದುಹೋಯಿತು. ಅಣ್ಣನ ಮಗ ಆಗಲೇ ತಿಗರಿಯನ್ನು ಒರೆಸುತ್ತಿದ್ದ. ಅವಳಿಗೆ ಅಳು ಬಂತು, ಆದರೂ ಕೈ ನಿಲ್ಲಿಸಲಿಲ್ಲ.

ಮೂವತ್ತೊಂದು ಸಾಲು ಇಟ್ಟು ಮುಗಿಸಿದವಳು ಇದ್ದಕ್ಕಿದ್ದಂತೆ ಚಪ್ಪಾಳೆ ತಟ್ಟಿ ಕುಣಿದಳು. "ಅಪ್ಪಾ, ಬಾ ಬೇಗ! ಇವು ಯಾವ ಸಾಲಿಗೂ ಒಗ್ಗುವುದಿಲ್ಲ. ಯಾರಿಗೂ ಆಗುವುದಿಲ್ಲ. ಬ್ರಹ್ಮ ಬಂದರೂ ಆಗುವುದಿಲ್ಲ!"

"ಮೂವತ್ತೊಂದಕ್ಕೇ ಸುಸ್ತಾದೆಯಾ? ನಲವತ್ತಿದೆ, ನೂರಿದೆ, ಐನೂರಿದೆ" ಎಂದ ಕುಂಬಾರ.

ಅವಳು ಅಪ್ಪನ ಕೈ ಹಿಡಿದು ದರದರ ಎಳೆದು ಅಂಗಳದ ಮಗ್ಗುಲಿಗೆ ನಿಲ್ಲಿಸಿದಳು. "ಮೂವತ್ತೆರಡು ಸಾಲಿಗೆ ಮೂವತ್ತೆರಡರಂತೆ ಇಟ್ಟರೆ ಸಾವಿರದ ಇಪ್ಪತ್ತನಾಲ್ಕು ಬೇಕು. ನಮ್ಮಲ್ಲಿ ಅಷ್ಟಿಲ್ಲ. ಸಾಲು ಮೂವತ್ತೊಂದನ್ನು ದಾಟಿದರೆ, ಒಂದೊಂದು ಸಾಲಿನಲ್ಲಿ ಇರುವುದು ಮೂವತ್ತೊಂದೋ ಅದಕ್ಕಿಂತ ಕಡಿಮೆಯೋ. ಈಗ ಇಲ್ಲಿಂದ ನೋಡು, ಅಡ್ಡಸಾಲೇ ಉದ್ದಸಾಲು, ಅವು ಮೂವತ್ತೊಂದನ್ನು ದಾಟುವುದಿಲ್ಲ. ಅವನ್ನೆಲ್ಲ ನಾನು ಆಗಲೇ ಇಟ್ಟು ನೋಡಿದ್ದೇನೆ!"

ಕುಂಬಾರ ಆ ಕಡೆ ನಿಂತು ನೋಡಿದ, ಈ ಕಡೆ ನಿಂತು ನೋಡಿದ. ಅವನ ಮೈ ಜುಮ್ಮೆಂದಿತು. "ಆಗದ್ದನ್ನು ಮಾಡೆಂದವನು ನಾನು, ತಪ್ಪು ನನ್ನದು" ಎಂದ. ಕುಂಟು ಸಾಲಿನ ಹಣತೆಗಳನ್ನು ಹಾಗೆಯೇ ಎತ್ತಿ ಆವಿಗೆಗೆ ತುಂಬಿ ಬೆಂಕಿ ಇಟ್ಟ. ಅಣ್ಣನ ಮಗನನ್ನು ಎಬ್ಬಿಸಿ ಮಗಳನ್ನು ತಿಗರಿಗೆ ಕೂರಿಸಿದ.

"ಭಲೇ ಹುಡುಗಿ!" ಎಂದು ಹೊನ್ನಯ್ಯ ತೊಡೆ ತಟ್ಟಿದ. "ನೋಡಿದಿರಾ ಗುರುಗಳೇ, ಅವಳೂ ನನ್ನ ಹಾಗೆ ಇಲ್ಲವೆಂದೇ ಹೇಳಿದಳು."

ಗುರು ಎಂದರು: "ಅವಳು ಇಲ್ಲವೆಂದದ್ದು ಹುಡುಕಿ ಮುಗಿದ ಮೇಲೆ, ನೀನು ಇಲ್ಲವೆನ್ನುತ್ತಿರುವುದು ಬೇಸರ ಬಂದ ಮೇಲೆ."