ಮುಳುಗುವವನ ಪಾಲು

"ಗುರುಗಳೇ, ಜೊತೆಗಾರನನ್ನು ಬಿಟ್ಟು ನಡೆದರೆ ಬೇಗ ಗುರಿ ಮುಟ್ಟಬಹುದಲ್ಲವೇ?" ಎಂದು ಮಾಳಿಂಗ ಕೇಳಿದ.

ಜೊತೆಗಾರ ದುಗ್ಗಣ್ಣ ಒಳಗೆ ಹಾಸಿಗೆ ಹಿಡಿದಿದ್ದ. ಅವನಿಗೆ ಗಂಜಿ ಕಾಯಿಸಿ, ಬಟ್ಟೆ ಒಗೆದು, ಕೆಮ್ಮಿದಾಗಲೆಲ್ಲ ಎತ್ತಿ ಕೂರಿಸಿ, ಮಾಳಿಂಗನ ಧ್ಯಾನ ಚೂರುಚೂರಾಗಿತ್ತು. ಉತ್ತರದ ಬೆಟ್ಟಗಳಿಗೆ ಹೊರಡಲು ಗಂಟು ಕಟ್ಟಿಯಾಗಿತ್ತು. ಅಪ್ಪಣೆಯೊಂದೇ ಬಾಕಿ. ಗುರು ಅಪ್ಪಣೆ ಕೊಡಲಿಲ್ಲ, ಕತೆ ಹೇಳಿದರು.

ಒಂದು ಕಡಲತೀರದಲ್ಲಿ ಮೀನುಗಾರರು ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಕಡಲಿಗೆ ಹೋಗುತ್ತಿದ್ದರು. ಹಲಗೆಗೆ ಒಬ್ಬನೇ ಆಳು. ಆದರೆ ಬಡಗಿ ಅದನ್ನು ಇಬ್ಬರ ತೂಕ ಹೊರುವಷ್ಟು ಅಗಲವಾಗಿ, ದಪ್ಪವಾಗಿ ಕೆತ್ತುತ್ತಿದ್ದ. ಆ ಹೆಚ್ಚಿನ ಮರವನ್ನು ಮುಳುಗುವವನ ಪಾಲು ಎನ್ನುತ್ತಿದ್ದರು. ಅದು ಅಲ್ಲಿಯ ಕಟ್ಟಳೆ.

ಅಲ್ಲೊಬ್ಬ ಮೀನುಗಾರನಿಗೆ ಎಲ್ಲರಿಗಿಂತ ಮುಂದಿರಬೇಕೆಂಬ ಹಟ. ಎಷ್ಟು ಗಾಳಿ ಬೀಸಿದರೂ ತನ್ನ ಹಲಗೆ ನೀರು ಬಿಟ್ಟು ಏಳುವುದಿಲ್ಲವೆಂದು ಒಳಗೊಳಗೇ ಉರಿಯುತ್ತಿದ್ದ. ಒಂದು ದಿನ ಅದನ್ನು ಹೊತ್ತು ಬಡಗಿಯ ಮುಂದೆ ಹಾಕಿದ.

"ಆಚಾರ್ರೇ, ಇದು ಹಲಗೆಯೋ ಎಮ್ಮೆಯೋ? ನೀರು ಕಂಡರೆ ಮಲಗಿಬಿಡುತ್ತದೆ. ಇನ್ನೊಬ್ಬನ ಪಾಲು ನನಗೆ ಬೇಡ, ಕೆತ್ತಿ ಬಿಸಾಡಿ."

"ಕೆತ್ತಬಹುದು ಮಾರಾಯ. ಹಿಂಬದಿ ಕಿರಿದು ಮಾಡಿ, ತಳ ಚಪ್ಪಟೆ ಮಾಡಿ, ಅಂಚು ಚೂಪು ಮಾಡಿದರೆ ನೀರು ತಳಕ್ಕೆ ಅಂಟುವುದಿಲ್ಲ. ಹಲಗೆ ಮೇಲೆದ್ದು ಜಾರುತ್ತದೆ. ಆದರೆ ಓಡುವಷ್ಟು ಹೊತ್ತೇ ಅದು ನಿನ್ನನ್ನು ಹೊರುವುದು. ನಿಂತರೆ ಮುಳುಗುತ್ತೀ."

"ನಾನ್ಯಾಕೆ ನಿಲ್ಲಲಿ?" ಎಂದು ಮೀನುಗಾರ ನಕ್ಕ.

ಬಡಗಿ ಕೆತ್ತಿಕೊಟ್ಟ. ಹಲಗೆ ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದಂತೆ ಹಾರಿತು. ಮೀನುಗಾರ ದಡದಲ್ಲೇ ಗಾಳಿ ಹಿಡಿದು ಹೊರಡುತ್ತಿದ್ದ, ಓಡುತ್ತಲೇ ಹಿಂದೆ ಗಾಳ ಎಳೆದು ಮೀನು ಹಿಡಿಯುತ್ತಿದ್ದ, ದಡಕ್ಕೇ ಬಂದು ಇಳಿಯುತ್ತಿದ್ದ. ನಡುವೆ ಎಲ್ಲೂ ನಿಲ್ಲುವ ಪ್ರಮೇಯವೇ ಬರಲಿಲ್ಲ.

ಹೀಗಿರುವಾಗ ಒಂದು ದಿನ ಬಿರುಗಾಳಿ ಎದ್ದಿತು. ಅವನ ತಮ್ಮನ ಹಾಯಿಗಂಬ ಮುರಿದು, ಹಲಗೆ ಕೊಚ್ಚಿಹೋಗಿ, ತಮ್ಮ ನೀರಿಗೆ ಬಿದ್ದ. ದಡದಲ್ಲಿದ್ದವರೆಲ್ಲ ಹೊರಟರು. ಮೀನುಗಾರ ಎಲ್ಲರಿಗಿಂತ ಮೊದಲು ತಲುಪಿದ.

ಹಾಯಿ ಸಡಿಲ ಬಿಟ್ಟ. ಹಲಗೆ ಕುಸಿಯಿತು, ನೀರು ಮೊಣಕಾಲಿಗೆ ಬಂತು. ತಟ್ಟನೆ ಹಾಯಿ ಎಳೆದ. ಹಲಗೆ ಎದ್ದು ಓಡಿತು. ತಿರುಗಿಸಿಕೊಂಡು ಬಂದ, ಮತ್ತೆ ಅದೇ ಆಯಿತು. ನೀರಿಗೆ ಹಾರಿಬಿಡಲೇ ಎಂದುಕೊಂಡ. ಹಾರಿದರೆ ಇಬ್ಬರನ್ನು ಹೊರುವಷ್ಟು ಮರ ಅಲ್ಲಿರಲಿಲ್ಲ. ಹಾಗಾಗಿ ತಮ್ಮನ ಸುತ್ತ ಸುತ್ತತೊಡಗಿದ.

ತಮ್ಮ ಮೊದಲು ಅಣ್ಣ ಬಂದನೆಂದು ನಕ್ಕಿದ್ದ. ಆಮೇಲೆ ಕೈ ಚಾಚಿದ. "ಅಣ್ಣಾ, ಸ್ವಲ್ಪ ನಿಲ್ಲು" ಎಂದ. ಆಮೇಲೆ ಆ ಕೈ ನೀರಿನೊಳಗೆ ಹೋಯಿತು.

ತಡವಾಗಿ ಅಗಲದ ಹಲಗೆಗಳು ಬಂದವು. ಪ್ರತಿಯೊಂದರ ಮೇಲೂ ಇನ್ನೊಬ್ಬನಿಗೆ ಜಾಗವಿತ್ತು. ಹತ್ತುವವರು ಯಾರೂ ಇರಲಿಲ್ಲ. ಮೀನುಗಾರ ಮಾತ್ರ ಬರಿಯ ನೀರನ್ನು ಸುತ್ತುತ್ತಲೇ ಇದ್ದ.

ಗುರು ಕತೆ ನಿಲ್ಲಿಸಿದರು. ಒಳಗಿನಿಂದ ಕೆಮ್ಮು ಕೇಳಿತು. "ಮಾಳಿಂಗಾ, ಒಂದು ಗುಟುಕು ನೀರು" ಎಂದು ದುಗ್ಗಣ್ಣ ಕರೆದ.

ಮಾಳಿಂಗ ಕಂಕುಳಲ್ಲಿದ್ದ ಗಂಟನ್ನು ಹಾಗೇ ಹಿಡಿದು ಕೂತಿದ್ದ. ಗುರು ಹೇಳಿದರು:

"ಕರೆಯುತ್ತಿದ್ದಾನೆ, ನಿನಗೆ ಇನ್ನೂ ನಿಲ್ಲಲು ಬರುತ್ತದೆಯೋ ನೋಡು."