ಕರಟದಲ್ಲಿ ಬಂದ ಹೆಪ್ಪು

ಕಾತ್ಯಾಯಿನಿ ಆಶ್ರಮಕ್ಕೆ ಬರುವಾಗ ಬಟ್ಟೆಗಿಂತ ಅಡುಗೆ ಪುಸ್ತಕಗಳನ್ನೇ ಹೆಚ್ಚು ತಂದಿದ್ದಳು.

ಆಶ್ರಮದ ಗುರು ಅಜ್ಜಯ್ಯ ಆ ಗಂಟನ್ನು ನೋಡಿದರು.

"ಇವನ್ನೆಲ್ಲ ಓದಿದ್ದೀಯಾ?"

"ಓದಿ, ಮಾಡಿಯೂ ನೋಡಿದ್ದೇನೆ ಅಜ್ಜಯ್ಯ. ಮನೆಯವರು ತಿಂದು ತಿಂದು ಸೋತರು."

"ಸರಿ. ಅಡುಗೆಮನೆ ನಿನ್ನದು."

ಆಶ್ರಮದಲ್ಲಿ ಓವನ್ ಇರಲಿಲ್ಲ. ಅವಳು ಹೊಳೆಯ ಮರಳು ತಂದು ಕುಕ್ಕರಿನ ತಳಕ್ಕೆ ಹರಡಿ, ಅದರ ಮೇಲೆ ಪಾತ್ರೆಯಿಟ್ಟು ಕೇಕ್ ಮಾಡಿದಳು. ಮೊಟ್ಟೆಯಿಲ್ಲದ ಕೇಕ್. ಮೊದಲನೆಯದು ಕಲ್ಲಾಯಿತು. ಎರಡನೆಯದು ನಡುವೆ ಕುಸಿಯಿತು.

ಅಜ್ಜಯ್ಯ ಎರಡನ್ನೂ ತಿಂದರು.

"ಹೇಗಿದೆ ಅಜ್ಜಯ್ಯ?"

"ಹಲ್ಲು ಇನ್ನೂ ಇದೆ."

ಮೂರನೆಯ ಸಲ ಅವಳು ಪುಸ್ತಕ ಹೇಳಿದ್ದರಲ್ಲಿ ಒಂದಕ್ಷರ ಬಿಡಲಿಲ್ಲ. ಮೊಟ್ಟೆಯ ಬದಲು ಎರಡು ಬಟ್ಟಲು ಗಟ್ಟಿ ಮೊಸರು ಎಂದಿತ್ತು. ಗಡಿಗೆಯಲ್ಲಿ ಇದ್ದದ್ದೇ ಅಷ್ಟು. ಬೆರಳಿನಿಂದ ಬಳಿದು ಹಾಕಿದಳು. ಗಡಿಗೆಯನ್ನು ಹೊಳೆಯಲ್ಲಿ ತೊಳೆದು ಬೋರಲು ಹಾಕಿದಳು.

ಕೇಕ್ ಅರಳಿ ನಿಂತಿತು.

ಸಂಜೆ ಹಾಲು ಕಾಯಿಸಿ, ಹೆಪ್ಪು ಹಾಕಲು ಗಡಿಗೆಗೆ ಕೈಚಾಚಿದಳು. ತಾನೇ ತೊಳೆದು ಬೋರಲು ಹಾಕಿದ ಗಡಿಗೆ ಬರಿದಾಗಿತ್ತು.

ಅಜ್ಜಯ್ಯನ ಗುರುಗಳು ಈ ದಡಕ್ಕೆ ಬಂದಾಗ ತಂದದ್ದು ಎರಡೇ. ಹೊದೆಯಲು ಒಂದು ಕಂಬಳಿ, ತೆಂಗಿನ ಕರಟದಲ್ಲಿ ಒಂದಿಷ್ಟು ಹೆಪ್ಪು. ಅಂದಿನಿಂದ ಇಂದಿನವರೆಗೆ ಆಶ್ರಮದ ಮೊಸರೆಲ್ಲ ಆ ಕರಟದ್ದೇ.

ಅಜ್ಜಯ್ಯ ಮೆಟ್ಟಿಲ ಮೇಲೆ ಕೂತು ಕೇಕ್ ತಿನ್ನುತ್ತಿದ್ದರು.

"ಇವತ್ತಿನದು ಚೆನ್ನಾಗಿದೆ."

"ಎಲ್ಲಾ ಅದರೊಳಗೇ ಹೋಯಿತು ಅಜ್ಜಯ್ಯ. ಹೆಪ್ಪಿಗೆ ಒಂದು ಚಮಚವೂ ಉಳಿಸಲಿಲ್ಲ."

ಅಗಿಯುತ್ತಿದ್ದ ಬಾಯಿ ನಿಂತಿತು.

"ಉಳಿಸು ಅಂತ ಪುಸ್ತಕದಲ್ಲಿ ಇರಲಿಲ್ಲವಾ?"

"ಇರಲಿಲ್ಲ."

"ಪಾಪ. ಬರೆದವರ ಮನೆಯಲ್ಲಿ ಮರುದಿನ ಊಟವಿರಲಿಲ್ಲವೇನೋ."

ಅವಳು ಅತ್ತುಬಿಟ್ಟಳು. "ದೊಡ್ಡ ಗುರುಗಳು ತಂದದ್ದನ್ನು ನಾನು ಮುಗಿಸಿಬಿಟ್ಟೆ. ಬೆಳಗಿನ ದೋಣಿಗೆ ಹೊರಟುಹೋಗುತ್ತೇನೆ."

"ದೋಣಿ ಬೆಳಿಗ್ಗೆ ತಾನೆ? ಹಾಲು ಈಗಲೇ ಆರುತ್ತಿದೆ."

ಅಜ್ಜಯ್ಯ ಎದ್ದು ಬರಿ ಗಡಿಗೆಯನ್ನು ಅವಳ ಕೈಗೆ ಕೊಟ್ಟರು. ಉಳಿದ ಕೇಕನ್ನೂ ಕೊಟ್ಟರು.

"ಊರೊಳಗೆ ಹೋಗಿ ಹೆಪ್ಪು ಕೇಳು. ಬರಿಗೈಯಲ್ಲಿ ಹೋಗಬೇಡ."

"ಊರವರ ಹೆಪ್ಪು ನಮ್ಮ ಹೆಪ್ಪಾಗುತ್ತದಾ ಅಜ್ಜಯ್ಯ?"

"ಹಾಲು ಆರುತ್ತಿದೆ."

ಮೊದಲ ಮನೆ ಹೊಸದು. ಬಾಗಿಲು ತೆರೆದ ಹುಡುಗಿ ನಕ್ಕಳು. "ಹೆಪ್ಪಾ? ನಾವು ಪ್ಯಾಕೆಟ್ ಮೊಸರು ತರೋದು ಆಂಟಿ. ನನಗೆ ಹೆಪ್ಪು ಹಾಕೋಕೇ ಬರಲ್ಲ."

ಕಾತ್ಯಾಯಿನಿ ಅವಳಿಗೊಂದು ತುಂಡು ಕೇಕ್ ಕೊಟ್ಟು ಮುಂದೆ ಹೋದಳು.

ಎರಡನೆಯ ಮನೆಯಲ್ಲಿ ಆಗಷ್ಟೇ ದೀಪ ಹಚ್ಚಿದ್ದರು. "ದೀಪ ಹಚ್ಚಿದ ಮೇಲೆ ಮೊಸರು ಕೊಟ್ಟರೆ ಲಕ್ಷ್ಮಿ ಹೊರಟುಹೋಗ್ತಾಳೆ. ಬೆಳಿಗ್ಗೆ ಬಾರಮ್ಮ," ಎಂದಳು ಮನೆಯಾಕೆ. ಕೇಕನ್ನು ಮಾತ್ರ ಒಳಗೆ ತೆಗೆದುಕೊಂಡಳು.

ಬೀದಿಯ ಕೊನೆಗೆ ಮುದುಕಿ ದೇವೀರಕ್ಕನ ಮನೆ. ಅಲ್ಲೂ ದೀಪ ಉರಿಯುತ್ತಿತ್ತು. ಕಾತ್ಯಾಯಿನಿ ಹೊಸಿಲಿನಿಂದಲೇ ತಿರುಗಿದಳು.

"ಯಾರದು? ಬಂದದ್ದು ಯಾಕೆ, ಹೊರಟದ್ದು ಯಾಕೆ?"

"ಆಶ್ರಮದವಳು ಅಜ್ಜಿ. ಹೆಪ್ಪು ಬೇಕಿತ್ತು. ದೀಪ ಹಚ್ಚಿಬಿಟ್ಟಿದ್ದೀರಿ."

ದೇವೀರಕ್ಕ ಸೊಂಟ ಹಿಡಿದುಕೊಂಡು ನಕ್ಕಳು.

"ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿಮ್ಮ ದೊಡ್ಡ ಗುರುಗಳು ಕೊಟ್ಟ ಹೆಪ್ಪು ಕಣೇ ಇದು! ನಡುವೆ ಒಂದ್ಸಲ ಬೆಕ್ಕು ಎಲ್ಲಾ ನೆಕ್ಕಿಬಿಟ್ಟಿತ್ತು. ಆಗ ಗಡಿಗೆ ಹಿಡ್ಕೊಂಡು ನಾನೇ ನಿಮ್ಮಲ್ಲಿಗೆ ಓಡಿದ್ದೆ. ನಿಮ್ಮದನ್ನು ನಿಮಗೆ ಕೊಟ್ಟರೆ ಯಾವ ಲಕ್ಷ್ಮಿ ಹೋಗ್ತಾಳೆ? ಹಿಡಿ."

ಕಾತ್ಯಾಯಿನಿ ಓಡುತ್ತಲೇ ಬಂದಳು. ಅಜ್ಜಯ್ಯ ತಮ್ಮ ಕಂಬಳಿಯನ್ನು ಹಾಲಿನ ಪಾತ್ರೆಗೆ ಸುತ್ತಿ, ತಾವು ಚಳಿಯಲ್ಲಿ ಕೂತಿದ್ದರು. ಅವಳು ಬೆರಳು ಅದ್ದಿ ನೋಡಿದಳು. ಹಾಲು ಇನ್ನೂ ಉಗುರುಬೆಚ್ಚಗಿತ್ತು. ಹೆಪ್ಪು ಹಾಕುತ್ತಾ ಊರಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಅಜ್ಜಯ್ಯ ಹೂಂಗುಟ್ಟಿದರು, ಅಷ್ಟೇ.

ಬೆಳಿಗ್ಗೆ ಗಡಿಗೆ ಓರೆ ಮಾಡಿದಳು. ಮೊಸರು ಅಲುಗಲಿಲ್ಲ.

ದಡದಿಂದ ದೋಣಿಯವನು ಕೂಗಿದ. "ಅಕ್ಕಾ, ಬರ್ತೀರಾ?"

"ಇಲ್ಲಪ್ಪ, ಕೆಲಸ ಇದೆ!"

ಅವಳು ಒಂದು ಬಟ್ಟಲು ಮೊಸರು ತೆಗೆದು, ಮುಚ್ಚಳ ಮುಚ್ಚಿ, ಬಟ್ಟೆ ಬಿಗಿದಳು. ಸೂರಿನಿಂದ ತೂಗುವ ನೆಲುವಿನತ್ತ ಕೈಯೆತ್ತಿದಳು.

"ಏನದು?" ಅಜ್ಜಯ್ಯ ಕೇಳಿದರು.

"ಹೆಪ್ಪು. ಇನ್ನು ಮೇಲೆ ಕೇಕಿಗೂ ಸಿಗಬಾರದು, ಬೆಕ್ಕಿಗೂ ಸಿಗಬಾರದು. ಭದ್ರವಾಗಿ ಇಡುತ್ತಿದ್ದೇನೆ."

"ಅಲ್ಲಿ ಬೇಡ," ಎಂದರು ಅಜ್ಜಯ್ಯ. "ಆ ಪ್ಯಾಕೆಟ್ ಹುಡುಗಿಯ ಮನೆಯಲ್ಲಿ ಇಟ್ಟು ಬಾ."