ಅಕ್ಕ ಇಟ್ಟ ಸಿಹಿತುತ್ತು

"ಕೇಳಿರಪ್ಪೋ! ಹಾಲಗೆರೆಯ ರಾಜಕುಮಾರಿ ಪದುಮಲೆ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವನ ತಲೆ ಹೋಗುತ್ತದೆ!" ಡಂಗುರ ಊರೂರು ಸುತ್ತಿತು.

ಪದುಮಲೆಯ ತಮ್ಮ ಆಗಷ್ಟೇ ತೀರಿಕೊಂಡಿದ್ದ. ಅವನ ತೊಡೆಯ ಕುರು ಕೊಯ್ಯುವಾಗ ನೋವಾಗದಿರಲೆಂದು ವೈದ್ಯ ಬೆಟ್ಟದ ಬಿರುಕಿನಿಂದ ಬರುವ ಗಾಳಿಯನ್ನು ತೊಗಲಚೀಲದಲ್ಲಿ ತಂದು ಮೂಸಿಸಿದ್ದ. ಹುಡುಗ ನಿದ್ದೆ ಹೋದ, ನಗುತ್ತ ಎದ್ದ, ಮರುದಿನ ಹೊಟ್ಟೆಯುಬ್ಬಿ ಸತ್ತ. ವೈದ್ಯ ಆ ಗಾಳಿಯನ್ನು ಬಗೆಬಗೆಯಾಗಿ ಪರೀಕ್ಷಿಸಿ, ಕೊನೆಗೆ ಪದುಮಲೆಯ ಕಿವಿಯಲ್ಲಿ ಏನನ್ನೋ ಹೇಳಿದ. ಅಂದಿನಿಂದ ಅವಳು ಅನ್ನ ಬಿಟ್ಟಳು.

ಪದುಮಲೆ ಮೊದಲ ಒಗಟು ಕೇಳಿದಳು: "ಕೈಯಿಲ್ಲದ ಕಳ್ಳ ಮೂಗಿನಿಂದ ಒಳಹೊಕ್ಕು ನೋವನ್ನು ಕದ್ದೊಯ್ದ. ಯಾರವನು?"

ಮೊದಲ ರಾಜಪುತ್ರ, "ಹೂವಿನ ಪರಿಮಳ" ಎಂದು ತಪ್ಪಿ, ತಲೆ ಹೋಗುವ ದಿನ ಕಾಯುತ್ತ ಸೆರೆಗೆ ಹೋದ. ಎರಡನೆಯವನು, "ಬೆಟ್ಟದ ಗಾಳಿ" ಎಂದು ಗೆದ್ದ.

"ಒಡೆಯನೂ ಅಡುಗೆಯವನೂ ಒಟ್ಟಿಗೆ ಮಲಗಿದರು. ಒಡೆಯ ಎದ್ದ, ಅಡುಗೆಯವನು ಏಳಲಿಲ್ಲ. ಯಾರವನು?"

"ಸೋಮಾರಿ ಆಳು" ಎಂದು ನಕ್ಕ ಅವನೂ ಸೆರೆಗೆ ಹೋದ.

ಆಮೇಲೆ ಕುರಿ ಕಾಯುವ ಮಾಳ ಬಂದ. ಬಾಗಿಲ ಕಾವಲುಗಾರ ಅಣಕಿಸಿದ: "ಕಂಬಳಿ ಹೊರಗಿಟ್ಟು ಬಾರೋ, ಅಳಿಯದೇವರೇ!"

"ತಲೆ ಹೋದರೆ ಕಂಬಳಿ ನಿನಗೇ, ಅಣ್ಣ."

ಮೊದಲನೆಯದಕ್ಕೆ ಅವನೂ ಗಾಳಿಯೆಂದ. ಎರಡನೆಯದಕ್ಕೆ, "ಏಳದ ಅಡುಗೆಯವನು ಹೊಟ್ಟೆ, ತಾಯಿ" ಎಂದ.

ಪದುಮಲೆ ಮೂರನೆಯದನ್ನು ಕೇಳಿದಳು: "ನನ್ನ ತಮ್ಮನನ್ನು ಕೊಂದ ಕೈ ಯಾವುದು?"

ಮಾಳ ತಲೆ ತಗ್ಗಿಸಿದ. "ಅವನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ ಕೈ. ನಿಮ್ಮದೇ, ತಾಯಿ."

ರಾಜ ಕತ್ತಿ ಹಿರಿದ. ಪದುಮಲೆ ಅಡ್ಡ ಬಂದಳು. "ಅಪ್ಪಾಜಿ, ಬಿಡಿ. ಅವನು ಹೇಳಲಿ."

"ನನ್ನ ಕುರಿಗಳೂ ಆ ಬಿರುಕಿನ ಬಳಿ ನಿದ್ದೆಗೆ ಬೀಳುತ್ತಿದ್ದವು. ಎದ್ದ ಕೂಡಲೇ ಮೇದವು ಉಬ್ಬಿ ಸತ್ತವು. ಕಣ್ಣು ಬಿಟ್ಟರೂ ಹೊಟ್ಟೆ ಇನ್ನೂ ಮಲಗಿರುತ್ತದೆ. ಆಮೇಲೆ ಅವುಗಳ ಬಾಯಿ ಕಟ್ಟಿ, ಹೊಟ್ಟೆಗೆ ಕಿವಿಯಿಟ್ಟು ಕಾದೆ. ಒಳಗೆ ಗುಡುಗುಡು ಎಂದಮೇಲೆ ಮೇಯಲು ಬಿಟ್ಟೆ, ಬದುಕಿದವು. ಗುಣವಾಗಿ ಎದ್ದವರಿಗೆ ಅಕ್ಕನೇ ಸಿಹಿತುತ್ತು ಇಡುವುದು ನಮ್ಮ ಸೀಮೆಯ ಪದ್ಧತಿ. ನೀವು ಇಟ್ಟಿರಿ."

"'ಇನ್ನೊಂದು ತುತ್ತು, ಅಕ್ಕ' ಅಂದ ತಮ್ಮ" ಎಂದಳು ಪದುಮಲೆ. "ಇಟ್ಟೆ. ವೈದ್ಯರು ಕಿವಿಯಲ್ಲಿ ಇದನ್ನೇ ಹೇಳಿದ ಮೇಲೆ ಎಲ್ಲರೂ ನನ್ನನ್ನು ಸಂತೈಸಿದರೇ ಹೊರತು, ಬೇರೆ ಒಬ್ಬರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಏನು ಬೇಕು, ಕೇಳು."

"ಸೆರೆಯಲ್ಲಿರುವವರನ್ನು ಬಿಡಿ. ಆ ಗಾಳಿ ಮೂಸಿ ಎದ್ದವರಿಗೆ, ಹೊಟ್ಟೆ ಗುಡುಗುವವರೆಗೆ ಯಾರೂ ಉಣಿಸಬಾರದೆಂದು ಡಂಗುರ ಹೊಡೆಸಿ."

"ನಿನಗೆ?"

ಮಾಳ ಬುತ್ತಿ ಬಿಚ್ಚಿ ರೊಟ್ಟಿ ಮುರಿದ. "ನೀವು ಉಣ್ಣಬೇಕು."

ರಾಜ ಅವನಿಗೆ ಬೆಟ್ಟದ ಹುಲ್ಲುಗಾವಲನ್ನೆಲ್ಲ ಬರೆದುಕೊಟ್ಟ. ಪದುಮಲೆ ಆ ತುಂಡನ್ನು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಕಡೆಗೆ ನುಂಗಿದಳು.